ಕೈವಾರವಿಲ್ಲದ ವರ್ತುಳ

ಪುಣೆ
ತಾ. 18-8-1983

ತೀರ್ಥರೂಪ ಅಪ್ಪನವರಿಗೆ, ಯಮುನಾ ಮಾಡುವ ನಮಸ್ಕಾರಗಳು.

ನನ್ನ ಕಳೆದ ಪತ್ರವನ್ನು ನೀವು ತಿದ್ದಿ ಮರಳಿ ಕಳಿಸಿದ್ದು ತಲುಪಿತು. ಹತ್ತಕ್ಕೆ ಆರು. ಇಪ್ಪತ್ತಾರು ವರ್ಷದ, ಇಂಜಿನಿಯರಿಂಗ್ ಓದಿದ ಮಗಳ ಪತ್ರಕ್ಕೆ ಕೆಂಪು ಮಸಿಯಲ್ಲಿ ಮಾರ್ಕು ಹಾಕುವ ಅಪ್ಪ ಇಡೀ ಧಾರವಾಡ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ಕೋಣೆಯ ಗೆಳತಿಯರು ನೋಡಿ ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಒಬ್ಬಳೇ ಕುಳಿತು ತಪ್ಪುಗಳನ್ನು ನೋಡಿಕೊಳ್ಳುತ್ತೇನೆ.

ಈಗ ಒಂದು ಬೇಡಿಕೆ. ಪಟ್ಟನೆ ಇಲ್ಲ ಅನ್ನಬೇಡಿ. ಇಲ್ಲಿ ನಾವು ಮೂವರು ಸೇರಿ ಒಂದು ಕೆಲಸಕ್ಕೆ ಇಳಿದಿದ್ದೇವೆ. ಶಿಲ್ಪಿ ಚಂದ್ರಪ್ಪ ಅವರು ಕಟ್ಟಿಗೆ ಮತ್ತು ಅಲ್ಯೂಮಿನಿಯಮ್ಮಿನಿಂದ ಒಂದು ಯಂತ್ರದ ಕೈ ಮಾಡುತ್ತಿದ್ದಾರೆ. ಭುಜ, ಮೊಣಕೈ, ಮಣಿಕಟ್ಟು ಎಲ್ಲ ಮನುಷ್ಯರ ಅಳತೆಯದೇ. ನಿಯಾಜ ಸಿನಿಮಾ ಕ್ಯಾಮರಾದವನು, ನಮ್ಮ ಸವಣೂರಿನವನೇ. ಮೋಟಾರು, ತಂತಿ, ಕಂಪ್ಯೂಟರು ನನ್ನ ಪಾಲು. ಕೆಲಸ ಬಲ್ಲ ಒಬ್ಬರ ಕೈಗೆ ಸಣ್ಣ ಟಾರ್ಚ್ ಬಲ್ಬುಗಳನ್ನು ಕಟ್ಟಿ, ಕತ್ತಲೆ ಮಾಡಿದ ಕೋಣೆಯಲ್ಲಿ ಫಿಲ್ಮು ತೆಗೆಯುತ್ತೇವೆ. ಫಿಲ್ಮಿನಲ್ಲಿ ಮನುಷ್ಯ ಕಾಣುವುದಿಲ್ಲ, ಬೆಳಕಿನ ಚುಕ್ಕೆಗಳು ಮಾತ್ರ ಓಡಾಡುತ್ತವೆ. ಒಂದೊಂದೇ ಚಿತ್ರವನ್ನು ಗ್ರಾಫ್ ಕಾಗದದ ಮೇಲೆ ಬೀಳಿಸಿ, ಚುಕ್ಕೆ ಯಾವ ಮನೆಯಲ್ಲಿದೆ ಎಂದು ಬರೆದುಕೊಂಡು, ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಯಂತ್ರದ ಕೈ ಅದೇ ಚಲನೆಯನ್ನು ಮಾಡುತ್ತದೆ. ಫೆಬ್ರುವರಿಯಲ್ಲಿ ಇಲ್ಲಿಯೇ ಪ್ರದರ್ಶನ.

ಯಾರ ಕೈ ಎಂಬ ಮಾತು ಬಂತು. ಚಂದ್ರಪ್ಪ ಕುಂಬಾರರದು ಅಂದರು, ನಿಯಾಜ ತಬಲಾ ನುಡಿಸುವವರದು ಅಂದ. ನಾನು ನಿಮ್ಮ ವರ್ತುಳದ ವಿಷಯ ಹೇಳಿದೆ. ಮೂವತ್ತು ವರ್ಷ ಭೂಮಿತಿ ಕಲಿಸಿದರೂ ಕೈವಾರ ಮುಟ್ಟದವರು, ಮಕ್ಕಳ ಕಡೆ ಮುಖ ಮಾಡಿ ಮಾತಾಡುತ್ತಲೇ ಕರಿಹಲಗೆಯ ಮೇಲೆ ಒಂದೇ ಎಳೆತಕ್ಕೆ ಎರಡು ಅಡಿಯ ವರ್ತುಳ ಹಾಕುವವರು ಎಂದೆ. ಇಬ್ಬರೂ ಬೇರೆ ಹೆಸರು ಹೇಳಲಿಲ್ಲ. ನವರಾತ್ರಿಯ ರಜೆಯಲ್ಲಿ ನಿಯಾಜನ ಜೊತೆ ಕ್ಯಾಮರಾ ತರಲೇ?

ಅವ್ವನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು
ಯಮುನಾ


ಹಾನಗಲ್ಲ
ತಾ. 30-8-1983

ಚಿ. ಯಮುನೆಗೆ ಆಶೀರ್ವಾದ.

ಪತ್ರ ತಿದ್ದಿ ಇದರೊಳಗೆ ಇಟ್ಟಿದ್ದೇನೆ. ಹತ್ತಕ್ಕೆ ಏಳು. ‘ಅಲ್ಯೂಮಿನಿಯಮ್ಮಿನಿಂದ’ ಎಂದು ಸರಿಯಾಗಿ ಬರೆದದ್ದಕ್ಕೆ ಅರ್ಧ ಮಾರ್ಕು ಹೆಚ್ಚು ಹಾಕಬೇಕಾಗಿತ್ತು, ಆದರೆ ಮೇಲಿನ ಸಾಲಿನಲ್ಲಿ ಅದನ್ನು ಕಳೆದುಕೊಂಡಿದ್ದೀ.

ನಿಮ್ಮ ಕೆಲಸ ಓದಿ ನಗು ಬಂತು. ಯಂತ್ರ ವರ್ತುಳ ಹಾಕಬೇಕಾದರೆ ಒಂದು ಮೊಳೆ, ಒಂದು ದಾರ ಸಾಕು. ಅದಕ್ಕೆ ಕಂಪ್ಯೂಟರು, ಕ್ಯಾಮರಾ, ಹಾನಗಲ್ಲಿನ ತನಕ ಬಸ್ ಚಾರ್ಜು ಯಾಕೆ? ನಿನ್ನ ಅವ್ವ ಅಡಿಗೆಮನೆಯಿಂದ ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: “ಕೇಳ್ಯಾಳಂದ್ರ ಹೂಂ ಅನ್ರಿ. ನಿಮ್ಮ ಕೈ ನೋಡ್ಲಿಕ್ಕೆ ಪುಣೆಯಿಂದ ಯಾರು ಬರ್ತಾರ?” ಗಂಗಾಬಾಯಿಯವರ ತೀರ್ಪಿನ ಮೇಲೆ ಅಪೀಲು ಇಲ್ಲ. ಬನ್ನಿ.

ಖಂಡೇನವಮಿಯ ದಿನ ಶಾಲೆ ಖಾಲಿ ಇರುತ್ತದೆ. ಜವಾನ ಉಳಿವೆಪ್ಪನಿಗೆ ಹೇಳಿ ಹತ್ತನೆಯ ವರ್ಗದ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿಸುತ್ತೇನೆ. ಆ ನಿಯಾಜನಿಗೆ ಸವಣೂರಿನಿಂದ ಒಂದು ಕಟ್ಟು ವೀಳ್ಯದೆಲೆ ತರಲು ಹೇಳು. ಹಾನಗಲ್ಲಿನ ಎಲೆ ಎಲೆಯಲ್ಲ, ಸೊಪ್ಪು.

ಶ್ರೀಪಾದ


ಪುಣೆ
ತಾ. 9-11-1983

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಫಿಲ್ಮು ತೊಳೆದು ಬಂದಿದೆ. ಕತ್ತಲೆಯಲ್ಲಿ ನಿಮ್ಮ ಭುಜ, ಮೊಣಕೈ, ಮಣಿಕಟ್ಟು, ಬೆರಳು ನಾಲ್ಕು ಚುಕ್ಕೆಗಳಾಗಿ ತಿರುಗುವುದನ್ನು ನೋಡಿದಾಗ ನನಗೆ ಕಣ್ಣು ತುಂಬಿತು. ಮೊಳೆ ಮತ್ತು ದಾರ ಸಾಕು ಅಂದಿರಲ್ಲ, ಉತ್ತರ ಅದರಲ್ಲಿಯೇ ಇದೆ. ದಾರದ ವರ್ತುಳಕ್ಕೆ ಆರಂಭವಿಲ್ಲ. ನಿಮ್ಮದು ಎಡಗಡೆ ಕೆಳಗೆ ಶುರುವಾಗುತ್ತದೆ, ಏರುವಾಗ ಅವಸರ ಮಾಡುತ್ತದೆ, ನೆತ್ತಿಗೆ ಬಂದು ಒಂದು ಕ್ಷಣ ಉಸಿರು ಹಿಡಿದು ಇಳಿಯುತ್ತದೆ. ಭುಜದ ಚುಕ್ಕೆ ಅಲುಗುವುದೇ ಇಲ್ಲ. ‘ಮಣಿಕಟ್ಟಿನಿಂದ ಅಲ್ಲ, ಭುಜದಿಂದ’ ಎಂದು ನಾನು ಚಿಕ್ಕವಳಿದ್ದಾಗ ನೀವು ನನ್ನ ಕೈ ಹಿಡಿದು ಹೇಳುತ್ತಿದ್ದಿರಿ.

ಒಂದೇ ತೊಂದರೆ. ಹನ್ನೊಂದು ಸಲ ತೆಗೆದ ಫಿಲ್ಮಿನಲ್ಲೂ ಮಣಿಕಟ್ಟು ಮತ್ತು ಬೆರಳಿನ ಚುಕ್ಕೆಗಳು ಸಣ್ಣಗೆ ಅದುರಿವೆ. ಕ್ಯಾಮರಾ ಇಟ್ಟ ಮುಕ್ಕಾಲಿ ಅಲುಗಿರಬೇಕು. ಚಿಂತೆಯಿಲ್ಲ, ಲೆಕ್ಕ ಹಾಕಿ ಅದುರಿದ್ದನ್ನೆಲ್ಲ ಸವರಿ ತೆಗೆದಿದ್ದೇನೆ. ಈಗ ಗೆರೆ ಬೆಣ್ಣೆಯಂತೆ ಬರುತ್ತದೆ.

ಪ್ರದರ್ಶನ ಫೆಬ್ರುವರಿ 19, ರವಿವಾರ. ಚಂದ್ರಪ್ಪ ಅವರ ಆಸೆ ಏನೆಂದರೆ, ಒಂದು ಕಡೆ ಯಂತ್ರ, ಅದರ ಪಕ್ಕದ ಹಲಗೆಯ ಮೇಲೆ ನೀವು, ಜನರ ಮುಂದೆ ಇಬ್ಬರೂ ಒಟ್ಟಿಗೆ ವರ್ತುಳ ಹಾಕಬೇಕು. ಬರುತ್ತೀರಲ್ಲ?

ಇನ್ನೊಂದು ಸಂತೋಷ. ನವರಾತ್ರಿಯ ನಂತರ ಬರೆದ ಎರಡು ಪತ್ರಗಳೂ ತಿದ್ದುಪಡಿಗೆ ಮರಳಿ ಬಂದಿಲ್ಲ. ನನ್ನ ಕನ್ನಡ ಕೊನೆಗೂ ಸುಧಾರಿಸಿತು ಎಂದು ಇಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೇನೆ.

ಯಮುನಾ


ಹಾನಗಲ್ಲ
ತಾ. 20-11-1983

ಚಿ. ಯಮುನೆಗೆ ಆಶೀರ್ವಾದ.

ಅಕ್ಷರ ನೋಡಿ ಗಾಬರಿಯಾಗಬೇಡ. ಶಾಲೆಗೆ ಕನ್ನಡ ಟೈಪ್‌ರೈಟರ್ ಬಂದಿದೆ. ಎಲ್ಲರೂ ಅದನ್ನು ಕಂಡು ದೂರ ಓಡುತ್ತಾರೆ. ಹೊಸದನ್ನು ಕಲಿಯಲು ವಯಸ್ಸಿಲ್ಲ ಎಂದು ತೋರಿಸಲು ನಾನೇ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಇನ್ನು ಮುಂದೆ ಪತ್ರಗಳೆಲ್ಲ ಹೀಗೆಯೇ ಬರುತ್ತವೆ.

ಫಿಲ್ಮು ಅದುರಿದ್ದಕ್ಕೆ ಮುಕ್ಕಾಲಿಯನ್ನು ದೂರುತ್ತೀಯಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಈ ಸಲ ನೆಲದ ತಪ್ಪೂ ಇದೆ. ಶಾಲೆಯ ಗೋಡೆಗೆ ಹತ್ತಿಕೊಂಡು ಮಲ್ಲೇಶಪ್ಪನ ಹಿಟ್ಟಿನ ಗಿರಣಿ ಇದೆಯಲ್ಲ, ಅದು ಶುರುವಾಯಿತೆಂದರೆ ನಮ್ಮ ವರ್ಗದ ಬೆಂಚುಗಳು ಕೂಡ ಅದುರುತ್ತವೆ. ನೀನು ಸವರಿ ತೆಗೆದದ್ದು ಸರಿಯಾಯಿತು. ಹಾಗೆಯೇ ಇರಲಿ.

ಫೆಬ್ರುವರಿಯದು ನೋಡೋಣ. ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ ಕೈತುಂಬ ಕೆಲಸ.

ಶ್ರೀಪಾದ


ಪುಣೆ
ತಾ. 8-12-1983

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಮೂರು ಸಲ ಬರೆದು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ನಿಯಾಜ ಫಿಲ್ಮು ನೋಡುತ್ತ ಕುಳಿತಿದ್ದ. ಇದ್ದಕ್ಕಿದ್ದಂತೆ “ಯಮುನಾ, ಹಲಗಿ ಮೂಲ್ಯಾಗ ಒಂದು ಬಲ್ಬ್ ಕಟ್ಟಿದ್ವಲ್ಲಾ, ಅದು ಯಾಕ ನಡುಗಿಲ್ಲ?” ಅಂದ. ಅಳತೆಗೆಂದು ಹಲಗೆಯ ಚೌಕಟ್ಟಿಗೆ ಒಂದು ಬಲ್ಬು ಕಟ್ಟಿದ್ದೆವು, ನಿಮಗೆ ನೆನಪಿರಬಹುದು. ಕ್ಯಾಮರಾ ಅಲುಗಿದ್ದರೆ ಅದೂ ಅದುರಬೇಕಿತ್ತು. ನಾನು ಗ್ರಾಫ್ ಕಾಗದಗಳನ್ನೆಲ್ಲ ಹರಡಿ ನೋಡಿದೆ. ಆ ಚುಕ್ಕೆ ಆರಂಭದಿಂದ ಕೊನೆಯ ತನಕ ಅದೇ ಮನೆಯಲ್ಲಿ ಕುಳಿತಿದೆ. ನಿಮ್ಮ ಭುಜವೂ ಸ್ಥಿರವಾಗಿದೆ. ಅದುರುವುದು ಮಣಿಕಟ್ಟು ಮತ್ತು ಬೆರಳು ಮಾತ್ರ.

ಅಪ್ಪ, ಗಿರಣಿ ಎಂದು ಬರೆದಿರಿ. ನಾವು ಫಿಲ್ಮು ತೆಗೆದದ್ದು ಖಂಡೇನವಮಿಯ ದಿನ. ಮಲ್ಲೇಶಪ್ಪ ಗಿರಣಿ ನಿಲ್ಲಿಸಿ, ತೊಳೆದು, ಚೆಂಡುಹೂವು ಹಾಕಿ ಪೂಜೆ ಮಾಡಿ, ನಮಗೂ ಪ್ರಸಾದ ಕಳಿಸಿದ್ದ. ನೀವೇ ಕ್ಯಾಮರಾಕ್ಕೆ ಕುಂಕುಮ ಹಚ್ಚಿದಿರಿ. ಆ ಮಧ್ಯಾಹ್ನ ಹಾನಗಲ್ಲಿನಲ್ಲಿ ಒಂದು ಚಕ್ರವೂ ತಿರುಗುತ್ತಿರಲಿಲ್ಲ.

ಇನ್ನೂ ಒಂದು ನೆನಪಾಯಿತು. ಪ್ರತಿ ಸಲ ವರ್ತುಳ ಮುಗಿದ ಕೂಡಲೇ, ನಾವು ಕಿಟಕಿಯ ಗೋಣಿತಟ್ಟು ಸರಿಸುವ ಮೊದಲೇ, ನೀವು ಹಲಗೆ ಒರೆಸಿಬಿಡುತ್ತಿದ್ದಿರಿ. ‘ಒರೆಸುವುದು ಮಾಸ್ತರರ ರೂಢಿ’ ಎಂದು ನಕ್ಕಿರಿ. ಹನ್ನೊಂದರಲ್ಲಿ ಒಂದನ್ನೂ ನಾವು ಬೆಳಕಿನಲ್ಲಿ ನೋಡಿಲ್ಲ.

ಕಳೆದ ಪತ್ರದಲ್ಲಿ ನಿಮ್ಮ ಸಹಿ ಕೂಡ ಟೈಪು ಮಾಡಿದ್ದಾಗಿತ್ತು.

ನಿಮ್ಮ ಕೈಗೆ ಏನಾಗಿದೆ? ನನಗೆ ಭಯವಾಗುತ್ತಿದೆ.

ಯಮುನಾ


ಹಾನಗಲ್ಲ
ತಾ. 21-12-1983

ಚಿ. ಯಮುನೆಗೆ ಆಶೀರ್ವಾದ.

ಪತ್ರ ತಲುಪಿತು. ಎಸ್.ಎಸ್.ಎಲ್.ಸಿ. ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ, ಫೆಬ್ರುವರಿಯಲ್ಲಿ ಪುಣೆಗೆ ಬರಲು ಆಗುವುದಿಲ್ಲ. ಚಂದ್ರಪ್ಪನವರಿಗೆ ನನ್ನ ಕ್ಷಮೆ ತಿಳಿಸು. ನಿನ್ನ ಯಂತ್ರ ಚೆನ್ನಾಗಿ ಹಾಕುತ್ತದೆ ಎಂದು ಬರೆದಿದ್ದೀಯಲ್ಲ, ಅದರ ಪಕ್ಕದಲ್ಲಿ ಮುದುಕನಿಗೆ ಏನು ಕೆಲಸ?

ನನ್ನ ಆರೋಗ್ಯ ಚೆನ್ನಾಗಿದೆ. ಬಲ್ಬು, ಗಿರಣಿ ಎಂದು ವಕೀಲರ ಹಾಗೆ ಸವಾಲು ಹಾಕುವುದನ್ನು ಬಿಡು. ಅವ್ವನಿಗೂ ಏನೂ ಬರೆಯಬೇಡ.

ಶ್ರೀಪಾದ


ಹಾನಗಲ್ಲ
ತಾ. 3-1-1984

ಯಮುನವ್ವಗ ಉಳಿವೆಪ್ಪನ ಶರಣು.

ನನಗ ಪುಸ್ತಕದ ಮಾತು ಬರಂಗಿಲ್ಲವ್ವ. ಬಾಯಿಗೆ ಬಂದ್ಹಂಗ ಬರೀತೇನಿ, ತಪ್ಪು ಹಿಡೀಬ್ಯಾಡ. ನಾ ಬರದೇನಂತ ಮಾಸ್ತರ್ರಿಗೆ ಹೇಳಬ್ಯಾಡ.

ಜೂನದಾಗ ಸಾಲಿ ಸುರು ಆದಾಗಿಂದ ಮಾಸ್ತರ್ರ ಬಲಗೈ ನಡಗಾಕತ್ತೈತಿ. ಸುಮ್ಮ ಕುಂತ್ರ ಏನೂ ಇಲ್ಲ. ಹಲಗಿ ಮ್ಯಾಲೆ ಬರಿಯಾಕ ಖಡು ಹಿಡದು ಕೈ ಎತ್ತಿದ್ರ ಸುರು. ಒಂದಿನ ಮುಂಜಾನೆ ಸಾಲಿಗೆ ಲಗೂನ ಬಂದು ನನ್ನ ಕರದ್ರು. “ಉಳಿವೆಪ್ಪಾ, ಹಲಗಿ ನಡುವ ಒಂದು ಮೊಳಿ ಬಡಿ, ದಾರ ಕಟ್ಟು” ಅಂದ್ರು. ಹೆಂಗ ತಿರುಗಸಬೇಕಂತ ತೋರಿಸಿದ್ರು. ಅವತ್ತಿನಿಂದ ಗಂಟಿ ಬಾರಸೂದಕ್ಕಿಂತ ಮದ್ಲ ವರ್ತುಳ ನಾ ಹಾಕ್ತೇನಿ. ಅವರು ಬಂದು ಹುಡುಗರಿಗೆ “ಮದ್ಲ ಹಾಕಿ ಇಟ್ಟೇನಿ, ಟೈಮು ಉಳೀತು” ಅಂತಾರ. ಮೊಳಿ ತಗದು ನನ್ನ ಕಿಸೇದಾಗ ಇಟ್ಕೊಂತೇನಿ. ನೀನು ಬಂದಾಗ ಹಲಗಿ ನಡುವಿನ ತೂತು ನೋಡಿ ಹುಳ ಹಿಡದೈತೇನು ಅಂತ ಕೇಳಿದ್ದಿ. ನಾ ಹೂಂ ಅಂದೆ. ಆ ಸುಳ್ಳು ನನ್ನ ಎದಿಯಾಗ ಉಳದೈತಿ.

ನಾನು ಹಿರೇಕೆರೂರ ಕಡೆ ರೈತರ ಮಗ, ನಾಕನೇತ್ತ ಓದಿದವ. ನನ್ನ ಗೆರಿ ನೋಡಿ ಹುಡುಗರು “ಭಾರಿ ಹಾಕೀರಿ ಸರ್” ಅಂತಾವು. ಮಾಸ್ತರ್ರು ತೆಲಿ ಕೆಳಗ ಹಾಕ್ತಾರ. ನನಗ ಅದನ್ನ ನೋಡಾಕ ಆಗವಲ್ದು.

ಹುಬ್ಬಳ್ಳಿ ಡಾಕ್ಟರ್ ಕಡೆ ಹೋಗೂಣ ನಡೀರಿ ಅಂದ್ರ ಸಿಟ್ಟಾಗ್ತಾರ. “ನಮ್ಮಪ್ಪಗೂ ಹಿಂಗ ಆಗಿತ್ತು, ಡಾಕ್ಟರ್ ಏನ ಮಾಡ್ಯಾನು” ಅಂದ್ರು ಒಮ್ಮೆ. ಗಂಗಾಬಾಯಾರಿಗೆ ಗೊತ್ತೈತಿ ಅಂತ ನನಗನಸ್ತೈತಿ. ಡಬ್ಬಿಯೊಳಗ ಈಗ ಬರೇ ಚಪಾತಿ ಸುತ್ತಿ ಕಳಸ್ತಾರ, ಸಾರು ಕಳಸಂಗಿಲ್ಲ.

ಉಳಿವೆಪ್ಪ


ಪುಣೆ
ತಾ. 14-1-1984

ತೀರ್ಥರೂಪ ಅಪ್ಪನವರಿಗೆ ಸಂಕ್ರಾಂತಿಯ ನಮಸ್ಕಾರಗಳು. ಎಳ್ಳುಬೆಲ್ಲ ಇದರೊಳಗೆ ಇದೆ.

ನಾನು ಯಾವ ಸವಾಲನ್ನೂ ಹಾಕುವುದಿಲ್ಲ. ನನ್ನ ಒಂದು ತಪ್ಪನ್ನು ಮಾತ್ರ ಹೇಳುತ್ತೇನೆ.

ಮಧ್ವೇಶ ಅಜ್ಜ ನೆನಪಿಗೆ ಬರುತ್ತಿದ್ದಾರೆ. ಸವಣೂರಿನ ಮಠದ ಹಳೆಯ ಪೋಥಿಗಳನ್ನು ಕೈಯಿಂದ ಬರೆದು ಪ್ರತಿ ಮಾಡಿದವರು, ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಅವರು ಬರೆದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನಾನು ನೋಡಿದ ಅಜ್ಜ ಎರಡೂ ಕೈ ಶಾಲಿನೊಳಗೆ ಇಟ್ಟುಕೊಂಡು, ಯಾರು ಬಂದರೂ ಮಾತಾಡದೆ ಕುಳಿತಿರುತ್ತಿದ್ದರು. ಅಜ್ಜಿ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ನಾನು ಅದನ್ನು ಮಡಿ ಎಂದುಕೊಂಡಿದ್ದೆ. ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನೆ ತಂತಿಗಳನ್ನು ಬೆಸೆಯುವಾಗ ಕೈಯಲ್ಲಿದ್ದ ಕಾದ ಕಡ್ಡಿ ಸ್ವಲ್ಪ ಅಲುಗಿತು. ಅದನ್ನು ಕೆಳಗಿಟ್ಟು ನನ್ನ ಬೆರಳುಗಳನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ಮತ್ತೆ ಅಲುಗಲಿಲ್ಲ. ಈಗ ದಿನಾ ನೋಡುತ್ತೇನೆ.

ನನ್ನ ತಪ್ಪು ಇಷ್ಟೇ. ನಿಮ್ಮ ಕೈ ಹೇಳಿದ್ದನ್ನು ಕೇಳಲು ಹಾನಗಲ್ಲಿನ ತನಕ ಬಂದೆ. ಅದು ಹೇಳಿದ ಒಂದೇ ಹೊಸ ಮಾತನ್ನು ಯಂತ್ರದ ದೋಷ ಎಂದು ತಿಳಿದು ಸವರಿ ಹಾಕಿದೆ. ತಿದ್ದುವುದು ನಮ್ಮ ಮನೆತನದ ಚಟ.

ನನ್ನ ಹತ್ತಿರ ಈಗ ಎರಡು ಗೆರೆಗಳಿವೆ. ಒಂದು ಸವರಿದ್ದು, ಒಂದು ನಿಮ್ಮದು. ಯಂತ್ರಕ್ಕೆ ಯಾವುದನ್ನು ಕೊಡಲಿ? ನೀವು ಹೇಳಿದ್ದನ್ನೇ ಮಾಡುತ್ತೇನೆ. ಪ್ರದರ್ಶನಕ್ಕೆ ಬರುವುದು ಬಿಡುವುದು ನಿಮ್ಮಿಷ್ಟ, ಇದಕ್ಕೆ ಮಾತ್ರ ಉತ್ತರ ಬರೆಯಿರಿ. ಒಂದು ಸಾಲು ಸಾಕು, ಟೈಪು ಮಾಡಿದ್ದಾದರೂ ಸರಿ.

ಯಮುನಾ


ಪುಣೆ
ತಾ. 21-2-1984

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಐದು ವಾರ ಕಾದೆ. ಉತ್ತರ ಬರಲಿಲ್ಲ. ಅಂಚೆಯವನು ನನ್ನನ್ನು ದೂರದಿಂದ ಕಂಡರೇ ಕೈ ಅಲ್ಲಾಡಿಸಿ ಇಲ್ಲ ಎನ್ನುತ್ತಿದ್ದ.

ರವಿವಾರ ಪ್ರದರ್ಶನ ಆಯಿತು. ನಿಮ್ಮ ಅಪ್ಪಣೆ ಇಲ್ಲವೆಂದು ಮುಂಜಾನೆ ಸವರಿದ ಗೆರೆಯನ್ನೇ ಕೊಟ್ಟೆ. ಯಂತ್ರದ ಕೈ ಖಡು ಹಿಡಿದು ಹಲಗೆಯ ಮೇಲೆ ಚೆಂದದ ವರ್ತುಳ ಹಾಕಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬ ಹೆಂಗಸು ತನ್ನ ಜೊತೆಯವಳಿಗೆ ಮರಾಠಿಯಲ್ಲಿ ಹೇಳಿದ್ದು ಕಿವಿಗೆ ಬಿತ್ತು: ಇದಕ್ಕೆ ಒಂದು ಕೈವಾರ ಸಾಕಾಗಿತ್ತಲ್ಲ. ನೀವೇ ಎದುರು ನಿಂತು ಅಂದ ಹಾಗಾಯಿತು.

ಮಧ್ಯಾಹ್ನ ನಾನು ಯಾರನ್ನೂ ಕೇಳದೆ ನಿಮ್ಮ ಗೆರೆಯನ್ನು ಕೊಟ್ಟೆ. ಕ್ಷಮಿಸಿ. ಕೈ ಎಡಗಡೆ ಕೆಳಗೆ ಶುರು ಮಾಡಿತು, ಅವಸರದಲ್ಲಿ ಏರಿತು, ಮಣಿಕಟ್ಟು ಅದುರಿತು, ಖಡುವಿನ ಪುಡಿ ಉದುರಿತು. ನೆತ್ತಿಗೆ ಬಂದಾಗ ನೀವು ಉಸಿರು ಹಿಡಿಯುವುದು ಯಾಕೆಂದು ಆಗ ನನಗೆ ತಿಳಿಯಿತು. ಅಲ್ಲಿ ಅದುರುವುದು ಹೆಚ್ಚು. ಆದರೂ ಕೈ ಬಿಡಲಿಲ್ಲ, ಸುತ್ತಿ ಬಂದು ಹೊರಟ ಜಾಗಕ್ಕೇ ಸೇರಿತು. ಅಪ್ಪ, ಹನ್ನೊಂದು ಸಲವೂ ಅದು ಹೊರಟ ಜಾಗಕ್ಕೇ ಸೇರಿದೆ. ಕತ್ತಲೆಯಲ್ಲಿ.

ನಾನು ಅಳುತ್ತಿದ್ದೆ. ಆಗ ಸಭೆಯಲ್ಲಿ ಯಾರೋ ನಕ್ಕರು. ಒಬ್ಬರು ಮುಂದೆ ಬಂದು, ಯಾಕೆ ಹೀಗೆ ನಡುಗುತ್ತಿದೆ, ಏನಾದರೂ ಸಡಿಲಾಗಿದೆಯೇ ಎಂದು ಕೇಳಿದರು. ಚಂದ್ರಪ್ಪ ಮತ್ತು ನಿಯಾಜ ನನ್ನ ಮುಖ ನೋಡಿದರು. ಇದು ನನ್ನ ಅಪ್ಪನ ಕೈ ಎಂದು ಹೇಳಲು ಬಾಯಿ ತೆರೆದೆ. ನೀವು ತಲೆ ಕೆಳಗೆ ಹಾಕಿ ಕುಳಿತ ಹಾಗೆ ಕಂಡಿತು. ಯಂತ್ರ ಕೆಟ್ಟಿದೆ ಎಂದೆ. ಗುಂಡಿ ಒತ್ತಿ ನಿಲ್ಲಿಸಿದೆ.

ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯುತ್ತಿಲ್ಲ. ಪ್ರದರ್ಶನ ಇನ್ನೂ ಒಂದು ತಿಂಗಳು ಇದೆ. ಯಂತ್ರಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದೇನೆ.

ಯಮುನಾ


ಹಾನಗಲ್ಲ
ತಾ. 4-3-1984

ಚಿ. ಯಮುನೆಗೆ ಆಶೀರ್ವಾದ.

ಇದು ಕೈಬರಹ. ಓದಲು ತ್ರಾಸಾದರೆ ನಿಧಾನ ಓದು, ನಾನೂ ನಿಧಾನ ಬರೆದಿದ್ದೇನೆ. ಈ ಹಾಳೆಗೆ ಎರಡು ದಿನ ಹಿಡಿಯಿತು.

ನನಗೆ ಭಯವಾಗಿತ್ತು. ಸಾಯುವ ಭಯವಲ್ಲ, ಶಾಲಿನೊಳಗೆ ಕೈ ಇಟ್ಟುಕೊಂಡು ಕೂಡುವ ಭಯ. ನಿನ್ನ ಅಜ್ಜನ ಕೈ ನಡುಗಲು ಶುರುವಾದಾಗ ನಾನು ಹದಿನೇಳು ವರ್ಷದವ. ಅವರು ಅರ್ಧ ಬರೆದ ಪೋಥಿಯನ್ನು ಒಂದು ದಿನ ಕಟ್ಟಿ ಅಟ್ಟದ ಮೇಲೆ ಇಟ್ಟರು, ಮತ್ತೆ ಬಿಚ್ಚಲಿಲ್ಲ. ನಾನೂ ಬಿಚ್ಚಿ ನೋಡುವ ಧೈರ್ಯ ಮಾಡಿರಲಿಲ್ಲ. ನಿನ್ನ ಸಂಕ್ರಾಂತಿಯ ಪತ್ರ ಬಂದ ಮೇಲೆ ಸವಣೂರಿಗೆ ಹೋಗಿ ಅದನ್ನು ಬಿಚ್ಚಿದೆ. ಕೊನೆಯ ಒಂಬತ್ತು ಹಾಳೆಗಳ ಅಕ್ಷರ ಎಲ್ಲ ನಡುಗಿವೆ. ಆದರೆ ಓದಲು ಬರುತ್ತವೆ, ಒಂದು ಅಕ್ಷರವೂ ತಪ್ಪಿಲ್ಲ. ಅವರು ಇನ್ನೂ ಬರೆಯಬಹುದಾಗಿತ್ತು. ಇಷ್ಟು ದಿನ ಉತ್ತರ ಬರೆಯದೆ ಕುಳಿತದ್ದು ಇದನ್ನು ನುಂಗಿಕೊಳ್ಳಲು.

ಉಳಿವೆಪ್ಪ ನಿನಗೆ ಬರೆದದ್ದು ಗೊತ್ತು. ಲಕೋಟೆಯ ವಿಳಾಸ ಸರಿಯಿದೆಯೇ ಎಂದು ನನ್ನನ್ನೇ ಕೇಳಿ ಹೋಗಿದ್ದ ಪುಣ್ಯಾತ್ಮ. ಈಗ ಹಲಗೆಯ ತೂತಿಗೆ ಮೇಣ ತುಂಬಿ ಕರಿ ಬಣ್ಣ ಬಳಿದಿದ್ದಾನೆ. ಗುರುವಾರ ಹತ್ತನೆಯ ವರ್ಗದಲ್ಲಿ ನಾನೇ ವರ್ತುಳ ಹಾಕಿದೆ. “ನನ್ನ ಕೈ ನಡಗ್ತದ, ಗೆರಿ ಸೊಟ್ಟ ಬರ್ತದ, ಕೇಂದ್ರ ಮಾತ್ರ ಅಲ್ಲೇ ಇರ್ತದ” ಎಂದು ಮೊದಲೇ ಹೇಳಿದೆ. ಒಬ್ಬಳು ನಕ್ಕಳು. ಅವಳಿಗೆ ದಾರ ಕೊಟ್ಟು ಅದರ ಪರಿಧಿ ಅಳೆಯಲು ಹೇಳಿದೆ. ಗಂಟೆ ಹೊಡೆದರೂ ಅಳತೆ ಮುಗಿಯಲಿಲ್ಲ.

ಅವ್ವ ಡಬ್ಬಿಗೆ ಸಾರು ಹಾಕಿ ಕಳಿಸುತ್ತಾಳೆ, ಚಮಚ ದೊಡ್ಡದು ಇಟ್ಟಿದ್ದಾಳೆ. ಸೋಮವಾರ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಲು ಇಬ್ಬರೂ ಹೋಗುತ್ತೇವೆ. ಅಲ್ಲಿಂದ ಬಂದ ಮೇಲೆ, ಇಪ್ಪತ್ತನೇ ತಾರೀಖಿನ ಒಳಗೆ, ಶಿಗ್ಗಾಂವಿಯಿಂದ ಪುಣೆಯ ಬಸ್ಸು ಹತ್ತುತ್ತೇನೆ. ಹಲಗೆಯೊಂದನ್ನು ಸಿದ್ಧ ಮಾಡಿಡಿ. ನೆಲ ಡೊಂಕು ಅಂದವನು ನಾನು, ಕುಣಿದು ತೋರಿಸುತ್ತೇನೆ.

ನಿನ್ನ ಪತ್ರವನ್ನು ತಿದ್ದಿ ಇದರೊಳಗೆ ಇಟ್ಟಿದ್ದೇನೆ. ಒಂದೇ ಒಂದು ತಪ್ಪು ಸಿಕ್ಕಿತು. ‘ಯಂತ್ರ ಕೆಟ್ಟಿದೆ ಎಂದೆ’ ಎಂಬಲ್ಲಿ ಕೆಂಪು ಮಸಿಯಿಂದ ಸುತ್ತು ಹಾಕಿದ್ದೇನೆ. ಸುತ್ತು ಸೊಟ್ಟಗೆ ಬಂದಿದೆ, ಆದರೆ ಕೂಡಿದೆ. ಯಂತ್ರ ಸರಿಯಾಗಿತ್ತು, ಯಮುನಾ. ಬಟ್ಟೆ ತೆಗೆ.

ಹತ್ತಕ್ಕೆ ಒಂಬತ್ತು.

ನಿನ್ನ ಅಪ್ಪ
ಶ್ರೀಪಾದ